ಸಿದ್ದಾಪುರದ ಮನೆಗೆ ಯಾವ ಲೈನ್? 5ಜಿ ಡಬ್ಬಿ, ಎರಡು ಫೈಬರ್, ಮೂರು ಥರದ ವಿಪಿಎನ್

ಬೆಂಗಳೂರಿನ ಕೆಲಸ ಬಿಡದೆ ಊರಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದಾಗ ಮೊದಲು ಬೇಕಾದದ್ದು ನೆಟ್. ನಮ್ಮ ಮನೆ ಸಿದ್ದಾಪುರ ಪೇಟೆಯಿಂದ ಮೂರು ಕಿಲೋಮೀಟರ್ ದೂರ, ಅಡಿಕೆ ತೋಟದ ಅಂಚಿನಲ್ಲಿದೆ. ಒಂದೂವರೆ ವರ್ಷದಲ್ಲಿ ಮೂರು ಲೈನ್ ಹಾಕಿಸಿ ನೋಡಿದೆ. ಮಾಡಿನ ಮೇಲೆ ಕೂರಿಸುವ 5ಜಿ ಡಬ್ಬಿ, ಒಂದು ದೊಡ್ಡ ಕಂಪನಿಯ ಫೈಬರ್, ಕೊನೆಗೆ ನಮ್ಮೂರ ಕೇಬಲ್‌ನವರ ಫೈಬರ್. ಹಳ್ಳಿಯಲ್ಲಿ ಕೂತು ಕೆಲಸ ಮಾಡಬೇಕು ಅಂದುಕೊಂಡವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

5ಜಿ ಡಬ್ಬಿ ಹಾಕಿಸುವುದು ತುಂಬಾ ಸುಲಭ. ಫೋನ್ ಮಾಡಿದ ಮರುದಿನವೇ ಬಂದರು. ಮಾಡಿನ ಪಕ್ಕ ಕಬ್ಬಿಣದ ಪೈಪ್ ನಿಲ್ಲಿಸಿ, ಡಬ್ಬಿಯನ್ನು ಟವರ್ ಕಡೆ ತಿರುಗಿಸಿ, ಒಂದು ತಾಸಿನಲ್ಲಿ ಕೆಲಸ ಮುಗಿಸಿದರು. ಬೆಳಿಗ್ಗೆ ಅಳೆದರೆ 180 ಎಂಬಿಪಿಎಸ್. ಖುಷಿ ಆಯಿತು. ಸಂಜೆ ಏಳಕ್ಕೆ ಅಳೆದರೆ 25. ಟವರ್ ಒಂದೇ, ಆ ಹೊತ್ತಿಗೆ ಸುತ್ತಲಿನ ಊರಿನವರೆಲ್ಲ ಅದನ್ನೇ ಹಂಚಿಕೊಳ್ಳುತ್ತಾರೆ. ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಟವರಿಗೂ ಡಬ್ಬಿಗೂ ಮಧ್ಯೆ ನಮ್ಮದೇ ಅಡಿಕೆ ಮರಗಳಿವೆ. ನೆನೆದ ಎಲೆ ಸಿಗ್ನಲ್ಲನ್ನು ನುಂಗುತ್ತದೆ. ಪೈಪನ್ನು ಎಂಟಡಿ ಎತ್ತರಿಸಿದ ಮೇಲೆ ಸ್ವಲ್ಪ ಸುಧಾರಿಸಿತು.

ನನ್ನ ಕೆಲಸಕ್ಕೆ ನಿಜವಾಗಿ ಅಡ್ಡ ಬಂದದ್ದು ಅಪ್‌ಲೋಡ್. 8ರಿಂದ 12ರ ಮೇಲೆ ಹೋಗಲೇ ಇಲ್ಲ. ಮೀಟಿಂಗಿನಲ್ಲಿ ಅವರ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು, ನನ್ನ ಮಾತು ಅವರಿಗೆ ತುಂಡುತುಂಡಾಗಿ ಹೋಗುತ್ತಿತ್ತು. ಸಿನಿಮಾ ನೋಡುವ ಮನೆಗೆ ಇದು ಸಾಕು. ದಿನಕ್ಕೆ ನಾಲ್ಕು ಮೀಟಿಂಗ್ ಇರುವ ಮನೆಗೆ ಸಾಲದು.

ಆಮೇಲೆ ಫೈಬರ್. ಎರಡೂ ಕಡೆ ಬರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆಯೇ, ಎರಡರದ್ದೂ ತಂತ್ರ ಒಂದೇ. ಒಂದು ಎಳೆಯ ಬೆಳಕನ್ನು ಕಂಬದ ಮೇಲಿನ ಡಬ್ಬಿಯಲ್ಲಿ ಹಲವು ಮನೆಗಳಿಗೆ ಹಂಚುತ್ತಾರೆ. ಹಾಗಾದರೆ ವ್ಯತ್ಯಾಸ ಎಲ್ಲಿ? ಕೊನೆಯ ಮುನ್ನೂರು ಮೀಟರಿನಲ್ಲಿ, ಅಂದರೆ ಎಳೆದವರ ಕೈಯಲ್ಲಿ.

ದೊಡ್ಡ ಕಂಪನಿಯ ಕಡೆಯವರು ಮೂರು ವಾರ ಕಾಯಿಸಿ ಬಂದರು. ಕೇಬಲ್ಲನ್ನು ಅಡಿಕೆ ಮರದಿಂದ ಮರಕ್ಕೆ ಕಟ್ಟಿದರು. ಎರಡು ಕಡೆ ಕೇಬಲ್ ಸಾಲದೆ, ಮೆಷಿನ್ ಇಲ್ಲದೆ ಕ್ಲಿಪ್ ಹಾಕಿ ಜೋಡಿಸಿದರು. ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಅದನ್ನು ಲಟಕ್ಕನೆ ಮಡಚಿ ಮೊಳೆ ಹೊಡೆದರು. ಗಾಜಿನ ಎಳೆ ಅಷ್ಟು ಬಿಗಿಯಾಗಿ ಬಾಗಿದರೆ ಅಲ್ಲಿ ಬೆಳಕು ಸೋರುತ್ತದೆ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ. ಪ್ಲಾನ್ 200ರದ್ದು, ಬಿಸಿಲಿದ್ದ ದಿನ 200 ಬರುತ್ತಲೂ ಇತ್ತು. ಗಾಳಿ ಬೀಸಿ ಮರ ಅಲ್ಲಾಡಿದರೆ ಮಾತ್ರ ಮನೆಯೊಳಗಿನ ಫೈಬರ್ ಡಬ್ಬಿಯ ಕೆಂಪು ದೀಪ ಮಿನುಗುತ್ತಿತ್ತು. ಫೋನ್ ಮಾಡಿದರೆ ಬೇರೆ ಯಾವುದೋ ಊರಿನಿಂದ ಉತ್ತರ ಬರುತ್ತಿತ್ತು. ಒಮ್ಮೆ ಯಾರೂ ಬಾರದೆಯೇ "ನಿಮ್ಮ ದೂರು ಬಗೆಹರಿದಿದೆ" ಅಂತ ಮೆಸೇಜ್ ಬಂತು. ಲೈನ್ ಸರಿಯಾದದ್ದು ನಾಲ್ಕು ದಿನಗಳ ಮೇಲೆ.

ಕೇಬಲ್‌ನವರ ಹುಡುಗ ಬಂದ ದಿನ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಹಳೇ ಲೈನಿಗೆ ತನ್ನ ಪವರ್ ಮೀಟರ್ ಹಚ್ಚಿ ನೋಡಿದ. "ಅಣ್ಣ, ಮೈನಸ್ 26.8 ಇದೆ. ಇಷ್ಟು ದಿನ ನಡೆದದ್ದೇ ದೊಡ್ಡದು" ಅಂದ. ಆ ಅಂಕಿ ಬೆಳಕಿನ ಬಲ, ಡಿಬಿಎಂ ಲೆಕ್ಕದಲ್ಲಿ. ಸೊನ್ನೆಯಿಂದ ಕೆಳಗೆ ಹೋದಷ್ಟೂ ಬೆಳಕು ಕಡಿಮೆ. ಪ್ರತಿ 3 ಇಳಿದಾಗಲೂ ಬೆಳಕು ಅರ್ಧ ಆಗುತ್ತದೆ. ಮನೆಯ ಡಬ್ಬಿಗಳಲ್ಲಿ ಹೆಚ್ಚಿನವು ಮೈನಸ್ 27ರ ಆಸುಪಾಸಿನವರೆಗೆ ಮಾತ್ರ ತಡೆಯುತ್ತವೆ. ನಮ್ಮದು ಅಂಚಿನಲ್ಲೇ ನಿಂತಿತ್ತು.

ಅವನು ಮರ ಬಿಟ್ಟು ಕಂಬದಿಂದ ಕಂಬಕ್ಕೆ ಎಳೆದ. ಒಂದೇ ಒಂದು ಜೋಡಣೆ, ಅದೂ ಮೆಷಿನ್ನಿನಲ್ಲಿ ಕಾಯಿಸಿ ಬೆಸೆದದ್ದು. ಮನೆಯೊಳಗೆ ಬಂದದ್ದು ಮೈನಸ್ 20.5. ಮೊದಲಿನದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ಬೆಳಕು! ಕೇಬಲ್ ಜೊತೆ ಬರುವ ಉಕ್ಕಿನ ತಂತಿಯನ್ನು ಸೂರಿನ ಹೊರಗೇ ಕತ್ತರಿಸಿ ನಿಲ್ಲಿಸಿದ. ಗಾಜಿನಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ, ಆದರೆ ಆ ತಂತಿಯಲ್ಲಿ ಹರಿಯುತ್ತದೆ. ತಾಮ್ರದ ಫೋನ್ ಲೈನ್ ಇದ್ದ ಕಾಲದಲ್ಲಿ ಮೇ ತಿಂಗಳ ಗುಡುಗಿಗೆ ಎರಡು ಮೋಡೆಮ್ ಸುಟ್ಟಿದ್ದನ್ನು ಕಂಡ ಅಪ್ಪಯ್ಯನಿಗೆ ಈ ಕೆಲಸವೇ ಎಲ್ಲಕ್ಕಿಂತ ಮೆಚ್ಚುಗೆ ಆಯಿತು.

ನಾನು ತೆಗೆದುಕೊಂಡದ್ದು 100ರ ಪ್ಲಾನ್, ಬರುವುದಕ್ಕೂ ಹೋಗುವುದಕ್ಕೂ 100. ಕಾಗದದ ಮೇಲೆ ಇದು ಆ 200ರ ಅರ್ಧ. ಕೆಲಸದಲ್ಲಿ ಮಾತ್ರ ಇದೇ ಮುಂದೆ. ರೂಟರನ್ನು ಜಗಲಿಯ ಮೂಲೆಯಲ್ಲಿ ಇಡದೆ ನಡುಮನೆಯಲ್ಲಿ ಇಡಿಸಿದೆವು. ಒಂದೂವರೆ ಅಡಿಯ ಮಣ್ಣಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದೇ ಇಲ್ಲ. ಹಾಗಾಗಿ ಮೆತ್ತಿನ ಕೋಣೆಗೆ ಲ್ಯಾನ್ ವೈರ್ ಎಳೆದುಕೊಂಡೆ.

ಈ ಲೈನಿಗೂ ಒಂದು ಕೊರತೆ ಇದೆ. ಕರೆಂಟ್ ಹೋದರೆ ನನ್ನ ಪುಟ್ಟ 12 ವೋಲ್ಟಿನ ಯುಪಿಎಸ್ ನಾಲ್ಕು ತಾಸು ನಡೆಯುತ್ತದೆ. ಆದರೆ ಕೇಬಲ್‌ನವರ ಕಡೆಯ ಬ್ಯಾಟರಿ ಎರಡು ತಾಸಿಗೆ ಮುಗಿಯುತ್ತದೆ. ಆಗ ನನ್ನ ಕಡೆ ದೀಪ ಉರಿದು ಪ್ರಯೋಜನವಿಲ್ಲ ಅಲ್ವಾ? ಅದಕ್ಕೇ 5ಜಿ ಡಬ್ಬಿಯನ್ನು ಬಿಡಿಸಲಿಲ್ಲ. ಅತಿ ಕಡಿಮೆಯ ಪ್ಲಾನಿನಲ್ಲಿ ಇಟ್ಟುಕೊಂಡಿದ್ದೇನೆ.

ಇನ್ನು ವಿಪಿಎನ್, ಅಂದರೆ ನಮ್ಮ ಡೇಟಾವನ್ನು ಗುಪ್ತವಾಗಿ ಇನ್ನೊಂದು ತುದಿಗೆ ಒಯ್ಯುವ ಸುರಂಗದಂಥ ದಾರಿ. ಲೈನಿನ ಗುಣ ಸರಿಯಾಗಿ ಗೊತ್ತಾಗುವುದು ಅದರ ಮೇಲೆ ವಿಪಿಎನ್ ಓಡಿಸಿದಾಗ. ಆಫೀಸಿನದು ಓಪನ್‌ವಿಪಿಎನ್, ಮೊದಲು ಟಿಸಿಪಿ ಮೇಲೆ ಓಡುತ್ತಿತ್ತು. ಟಿಸಿಪಿ ಅಂದರೆ ಕಳೆದ ಪ್ಯಾಕೆಟ್ಟನ್ನು (ಡೇಟಾದ ಪುಟ್ಟ ತುಂಡು) ಮತ್ತೆ ಕಳಿಸುವ ಕ್ರಮ. 5ಜಿಯಲ್ಲಿ ಆಗಾಗ ಸ್ಕ್ರೀನ್ ಹಾಗೇ ನಿಂತುಬಿಡುತ್ತಿತ್ತು. ಕಾರಣ ಸರಳ. ದಾರಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಹೊರಗಿನ, ಅಂದರೆ ವಿಪಿಎನ್ ಬಳಸುವ ಟಿಸಿಪಿಯೂ ಮತ್ತೆ ಕಳಿಸುತ್ತದೆ, ಸುರಂಗದ ಒಳಗೆ ಓಡುವ ಆ್ಯಪಿನ ಟಿಸಿಪಿಯೂ ಮತ್ತೆ ಕಳಿಸುತ್ತದೆ, ಸಾಲು ಬೆಳೆಯುತ್ತಾ ಹೋಗುತ್ತದೆ. ಆಫೀಸಿನವರನ್ನು ಕೇಳಿ ಕಳೆದದ್ದನ್ನು ತಾನಾಗಿ ಮತ್ತೆ ಕಳಿಸದ ಯುಡಿಪಿಗೆ ಬದಲಾಯಿಸಿಕೊಂಡ ಮೇಲೆ ಅದೇ 5ಜಿಯಲ್ಲೂ ನಿಲ್ಲುವುದು ಕಡಿಮೆಯಾಯಿತು. ನಿಮ್ಮ ಆಫೀಸಿನಲ್ಲೂ ಇದನ್ನೊಂದು ಕೇಳಿ ನೋಡಿ.

ಎರಡನೆಯದು ನಾನೇ ಹಾಕಿಕೊಂಡ ವೈರ್‌ಗಾರ್ಡ್ ಅನ್ನುವ ವಿಪಿಎನ್. ಬೆಂಗಳೂರಿಗೆ ಹೋದಾಗ ಕೊಟ್ಟಿಗೆಯ ಕ್ಯಾಮೆರಾ, ಮನೆಯ ಹಾರ್ಡ್ ಡಿಸ್ಕ್ ನೋಡಲು. ಇದು 2020ರಿಂದ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲೇ ಸೇರಿಕೊಂಡಿದೆ, ಬಹಳ ಹಗುರ. ನನ್ನ ಹಳೇ ರೂಟರಿನಲ್ಲಿ ಓಪನ್‌ವಿಪಿಎನ್ 18 ಎಂಬಿಪಿಎಸ್‌ಗೆ ಸುಸ್ತಾಗುತ್ತಿತ್ತು, ವೈರ್‌ಗಾರ್ಡ್ 85 ಕೊಟ್ಟಿತು. ಆದರೆ ಹೊರಗಿನಿಂದ ಮನೆಗೆ ಬರುವ ದಾರಿಯೇ ಮುಚ್ಚಿತ್ತು. ರೂಟರಿನ ವ್ಯಾನ್ ವಿಳಾಸ (ನೆಟ್ ಕಂಪನಿ ರೂಟರಿಗೆ ಕೊಟ್ಟ ಅಂಕಿಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಒಂದು ಸಾರ್ವಜನಿಕ ವಿಳಾಸವನ್ನು ನಿಮ್ಮೊಂದಿಗೆ ಇನ್ನೂ ಹಲವರು ಹಂಚಿಕೊಂಡಿದ್ದಾರೆ ಅಂತ ಅರ್ಥ. ಆಗ ಪೋರ್ಟ್ ಫಾರ್ವರ್ಡಿಂಗ್, ಅಂದರೆ ಹೊರಗಿನಿಂದ ಬಂದದ್ದನ್ನು ರೂಟರ್ ಮನೆಯೊಳಗಿನ ಸಾಧನಕ್ಕೆ ದಾಟಿಸುವುದು, ನಡೆಯುವುದಿಲ್ಲ. ನಮಗೇ ಮೀಸಲಾದ, ಬದಲಾಗದ ವಿಳಾಸಕ್ಕೆ (ಸ್ಟ್ಯಾಟಿಕ್ ಐಪಿ) ತಿಂಗಳಿಗೆ ಬೇರೆ ದುಡ್ಡು. ನಾನು ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಒಳಗೆ ಓಡುವುದು ವೈರ್‌ಗಾರ್ಡೇ, ಎರಡೂ ತುದಿಗಳು ತಾವಾಗಿಯೇ ಹೊರಗೆ ಹೋಗಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ.

ಮೂರನೆಯದು ಜಾಹೀರಾತಿನಲ್ಲಿ ಬರುವಂಥ ದುಡ್ಡಿನ ವಿಪಿಎನ್. ಒಂದು ತಿಂಗಳು ನೋಡಿ ಬಿಟ್ಟೆ. ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಆದೇಶ ಮಾಡಿದ ಮೇಲೆ ಹಲವು ದೊಡ್ಡ ಕಂಪನಿಗಳು ಭಾರತದಲ್ಲಿದ್ದ ಸರ್ವರ್ ತೆಗೆದವು. ಹಾಗಾಗಿ ನನ್ನ ಟ್ರಾಫಿಕ್ ಸಿಂಗಾಪುರಕ್ಕೆ ಹೋಗಿ ಸಿದ್ದಾಪುರಕ್ಕೆ ಬರುತ್ತಿತ್ತು. ಬ್ಯಾಂಕಿನ ವ್ಯವಹಾರಕ್ಕೆ ಇದು ಬೇಕು ಅಂತ ಆಯಿಗೆ ಯಾರೋ ಹೇಳಿದ್ದರಂತೆ. ಮನೆಯ ಲೈನಿನಲ್ಲಿ ಬೇಡ. ಬ್ಯಾಂಕಿನ ಆ್ಯಪ್ ತಾನೇ ಎಲ್ಲವನ್ನೂ ಗುಪ್ತವಾಗಿ ಕಳಿಸುತ್ತದೆ. ವಿಪಿಎನ್ ಹಾಕಿದರೆ ಕೇಬಲ್‌ನವರ ಬದಲು ಇನ್ನೊಂದು ಕಂಪನಿಯನ್ನು ನಂಬಿದ ಹಾಗೆ, ಅಷ್ಟೇ.

ಕಳೆದ ಜುಲೈಯಲ್ಲಿ ಹಲಸಿನ ಕೊಂಬೆ ಬಿದ್ದು ಕೇಬಲ್ ಹರಿಯಿತು. ಬೆಳಿಗ್ಗೆ 9ಕ್ಕೆ ಫೋನ್ ಮಾಡಿದೆ, 5ಜಿಯಲ್ಲಿ ಹೇಗೋ ಒಂದು ಮೀಟಿಂಗ್ ಮುಗಿಸಿದೆ. 11ಕ್ಕೆ ಹುಡುಗ ರೇನ್‌ಕೋಟಿನಲ್ಲಿ ಬಂದು ಬೆಸೆದು, ಮೀಟರ್ ತೋರಿಸಿದ. ಮೈನಸ್ 20.9. ಮುಂದಿನ ಕೊಂಬೆಗೆ ಬೇಕಾಗುತ್ತದೆ ಅಂತ ಹತ್ತು ಮೀಟರ್ ಕೇಬಲ್ಲನ್ನು ಅಗಲವಾಗಿ ಸುತ್ತಿ ಕೊಟ್ಟಿಗೆಯ ಗೋಡೆಗೆ ತೂಗುಹಾಕಿ ಹೋದ.