ಹೃದಯದ ರೋಗಿಗಳ ಪೊಟ್ಯಾಸಿಯಂ ಪರೀಕ್ಷೆಗೆ ಕುಮಟಾದ ಈ ಲ್ಯಾಬ್ ನಂಬಬಹುದು

ಮನೆಯಲ್ಲಿ ಹಾರ್ಟ್ ಅಟ್ಯಾಕ್ ಆದವರಿದ್ದರೆ ರಕ್ತ ಪರೀಕ್ಷೆಗೆ ಇಲ್ಲಿಗೇ ಹೋಗಿ. ಬೇರೆ ಪರೀಕ್ಷೆ ಎಲ್ಲಿ ಮಾಡಿಸಿದರೂ ನಡೆದೀತು, ರಕ್ತದಲ್ಲಿರುವ ಪೊಟ್ಯಾಸಿಯಂ ಅನ್ನುವ ಲವಣದ್ದು ಹಾಗಲ್ಲ.

ಅಪ್ಪನಿಗೆ ಮಣಿಪಾಲದಲ್ಲಿ ಸ್ಟೆಂಟ್ ಹಾಕಿದ ಮೇಲೆ ಕಾಲು ಊದುತ್ತದೆ, ದಮ್ಮು ಬರುತ್ತದೆ ಅಂತ ಲ್ಯಾಸಿಕ್ಸ್ ಮಾತ್ರೆ ಶುರುವಾಯಿತು. ಅದನ್ನು ತಗೊಂಡರೆ ಮೂತ್ರದಲ್ಲಿ ನೀರಷ್ಟೇ ಅಲ್ಲ, ಪೊಟ್ಯಾಸಿಯಂ ಕೂಡ ಹೋಗುತ್ತದೆ. ರಕ್ತದಲ್ಲಿ ಅದು ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5 ಮಿಲಿಮೋಲ್ ಇರುತ್ತದೆ. ಅದಕ್ಕಿಂತ ಇಳಿದರೆ, ಮೊದಲೇ ಪೆಟ್ಟು ತಿಂದ ಹೃದಯದ ಬಡಿತ ತಾಳ ತಪ್ಪುವ ಅಪಾಯ ಜಾಸ್ತಿ, ಒಮ್ಮೊಮ್ಮೆ ಜೀವಕ್ಕೇ ಸಂಚಕಾರ. ಏರಿದರೂ ಕಷ್ಟವೇ. ಅಮೆರಿಕದ 67 ಆಸ್ಪತ್ರೆಗಳ 38 ಸಾವಿರಕ್ಕೂ ಹೆಚ್ಚು ಹಾರ್ಟ್ ಅಟ್ಯಾಕ್ ರೋಗಿಗಳ ಲೆಕ್ಕ 2012ರಲ್ಲಿ ಜಾಮಾ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆಸ್ಪತ್ರೆಯಲ್ಲಿ ಪೊಟ್ಯಾಸಿಯಂ 3.5ರಿಂದ 4.5ರ ಒಳಗಿದ್ದವರಲ್ಲೇ ಸಾವು ಎಲ್ಲಕ್ಕಿಂತ ಕಡಿಮೆ ಇತ್ತು.

ಇಷ್ಟು ಸಣ್ಣ ಅಂತರದ ಲೆಕ್ಕ ಇದು, ರಿಪೋರ್ಟೇ ಸುಳ್ಳಾದರೆ ಡಾಕ್ಟರಾದರೂ ಏನು ಮಾಡಬೇಕು? ಮೊದಲು ಬೇರೆ ಕಡೆ ಕೊಡುತ್ತಿದ್ದೆವು. ಅವರು ಬೆಳಿಗ್ಗೆ ತೆಗೆದ ರಕ್ತವನ್ನು ಹಾಗೇ ಇಟ್ಟು, ಸಂಜೆ ಬಸ್ಸಿಗೆ ಹಾಕಿ ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತಿಸುತ್ತಿದ್ದರು. ಪೊಟ್ಯಾಸಿಯಂ ಹೆಚ್ಚಾಗಿ ಇರುವುದು ರಕ್ತಕಣದ ಒಳಗೆ. ಬಾಟಲಿ ಕುಲುಕಿ ಕಣ ಒಡೆದರೆ, ಇಲ್ಲವೇ ಸೀರಮ್ (ಕಣ ಬಿಟ್ಟು ಉಳಿಯುವ ತಿಳಿ ದ್ರವ) ಬೇರೆ ಮಾಡದೆ ತಾಸುಗಟ್ಟಲೆ ಇಟ್ಟರೆ, ಒಳಗಿನದು ಹೊರಗೆ ಸೋರಿ ರಿಪೋರ್ಟಿನಲ್ಲಿ ಜಾಸ್ತಿ ಕಾಣುತ್ತದೆ. ನಿಜವಾಗಿ ಕಡಿಮೆ ಇದ್ದವರಿಗೂ ನಾರ್ಮಲ್ ಅಂತ ಬಂದುಬಿಡಬಹುದು. ನನಗೆ ಭಯವಾಗಿದ್ದು ಇದೇ. ಅಲ್ಲಿ ಪ್ರತಿ ಸಲ ನಾರ್ಮಲ್, ಇಲ್ಲಿ ಮಾಡಿಸಿದಾಗ 3.1.

ಇಲ್ಲಿ ಪೊಟ್ಯಾಸಿಯಂನಂಥ ಲವಣ ಅಳೆಯುವ ಎಲೆಕ್ಟ್ರೋಲೈಟ್ ಮಷಿನ್ ಲ್ಯಾಬಿನಲ್ಲೇ ಇದೆ. ರಕ್ತ ತೆಗೆಯುವ ತಂಗಿ ಪಟ್ಟಿ ಬಿಗಿಯಾಗಿ ಕಟ್ಟುವುದಿಲ್ಲ. "ಅಜ್ಜಾ, ಮುಷ್ಟಿ ಬಿಚ್ಚಿ ಬಿಚ್ಚಿ ಮುಚ್ಚಬೇಡಿ, ಸುಮ್ನೆ ಕೈ ಇಡಿ" ಅನ್ನುತ್ತಾಳೆ. ಪಟ್ಟಿ ಬಿಗಿದರೂ, ಮುಷ್ಟಿ ಬಿಚ್ಚಿ ಮುಚ್ಚಿದರೂ ಪೊಟ್ಯಾಸಿಯಂ ಸುಳ್ಳೇ ಏರುತ್ತದಂತೆ. 3.1 ಬಂದ ದಿನ ವಾಟ್ಸಾಪಿಗೆ ಹಾಕಿ ಸುಮ್ಮನಾಗಲಿಲ್ಲ, ಫೋನ್ ಮಾಡಿ ಈಗಲೇ ಡಾಕ್ಟರಿಗೆ ತಿಳಿಸಿ ಅಂದರು. ಡಾಕ್ಟರು ಪೊಟ್ಯಾಸಿಯಂ ಸಿರಪ್ ಕೊಟ್ಟು ಮಾತ್ರೆ ಬದಲಿಸಿದರು. ದೊಡ್ಡ ಆಸ್ಪತ್ರೆಗೆ ಎರಡು ಮೂರು ತಾಸು ಓಡಬೇಕಾದ ಜಿಲ್ಲೆ ನಮ್ಮದು, ಇಂಥ ಫೋನಿಗೆ ಬೆಲೆ ಕಟ್ಟಲಾಗದು.

ಕೊರತೆಯೂ ಇದೆ. ಭಾನುವಾರ ಬಾಗಿಲು ಹಾಕಿರುತ್ತದೆ. ಮೆಗ್ನೀಸಿಯಂ ಇಲ್ಲಿ ಮಾಡುವುದಿಲ್ಲ, ಅದು ಕಡಿಮೆ ಇದ್ದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ಏರುವುದು ಕಷ್ಟ, ಹಾಗಾಗಿ ಅದನ್ನೂ ಶುರು ಮಾಡಲಿ.

ಇನ್ನೊಂದು ಮಾತು. ರಿಪೋರ್ಟ್ ನೋಡಿ, ಪೊಟ್ಯಾಸಿಯಂ ಏರಲಿ ಅಂತ ನೀವೇ ಎಳನೀರು ಕುಡಿಸಲು ಹೋಗಬೇಡಿ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತಗೊಳ್ಳುವವರಿಗೆ, ಕಿಡ್ನಿ ಸೋತವರಿಗೆ ಪೊಟ್ಯಾಸಿಯಂ ಮಿತಿ ಮೀರಿ ಏರಬಹುದು. ಮಾತ್ರೆ ಚೀಟಿ ಹಿಡಿದು ಡಾಕ್ಟರನ್ನೇ ಕೇಳಿ.