ಕೆಮಿಸ್ಟ್ರಿ ಕೈಹಿಡಿಯದವರಿಗೆ ಯಾವುದು ವಾಸಿ: ಡಿ.ಫಾರ್ಮ, ಲ್ಯಾಬ್, ಇಮೇಜಿಂಗ್?

ಪಿಯುಸಿಯಲ್ಲಿ ನನಗೆ ಬಯಾಲಜಿ ಇಷ್ಟ, ಫಿಸಿಕ್ಸ್ ಪರವಾಗಿಲ್ಲ, ಕೆಮಿಸ್ಟ್ರಿಯಲ್ಲಿ ಮಾತ್ರ ಹೇಗೋ ದಡ ಸೇರಿದವನು. ನೀಟ್‌ನ 720 ಅಂಕಗಳಲ್ಲಿ 180 ಕೆಮಿಸ್ಟ್ರಿಯವೇ. ಹಾಗಾಗಿ ಡಾಕ್ಟರ್ ಆಗುವ ಆಸೆ ಬೇಗ ಬಿಟ್ಟೆ, ಆಸ್ಪತ್ರೆಯ ಆಸೆ ಬಿಡಲಿಲ್ಲ. ಮೊದಲು ಡಿ.ಫಾರ್ಮ (ಫಾರ್ಮಸಿ ಡಿಪ್ಲೊಮಾ) ಮುಗಿಸಿ ಮೆಡಿಕಲ್ ಶಾಪಿನಲ್ಲಿ ನಿಂತೆ. ಆಮೇಲೆ ಬಿ.ಎಸ್ಸಿ. ಇಮೇಜಿಂಗ್, ಅಂದರೆ ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಕೋರ್ಸ್ ಓದಿದೆ. ಈಗ ಸಿ.ಟಿ. ಸ್ಕ್ಯಾನ್ ರೂಮಿನಲ್ಲಿ ಕೆಲಸ.

ಡಿ.ಫಾರ್ಮ ಎರಡು ವರ್ಷ, ಜೊತೆಗೆ 500 ಗಂಟೆ ಪ್ರಾಕ್ಟಿಕಲ್ ಟ್ರೈನಿಂಗ್. ಚಿಕ್ಕ ಕೋರ್ಸ್, ನಾಳೆ ಸ್ವಂತ ಅಂಗಡಿ ಇಡಬಹುದು ಅಂತ ಮನೆಯವರಿಗೂ ಖುಷಿ. ಆದರೆ ಮೊದಲ ವರ್ಷದಲ್ಲೇ ಫಾರ್ಮಾಸ್ಯುಟಿಕಲ್ ಕೆಮಿಸ್ಟ್ರಿ ಅಂತ ಒಂದು ಪೂರ್ತಿ ಪೇಪರ್ ಇದೆ. ಪ್ಯಾರಾಸಿಟಮಾಲ್‌ಗೆ ಬೆಂಜೀನ್ ಉಂಗುರ ಬರೆದು, ಒಂದು ತುದಿಗೆ ಓಎಚ್, ಎದುರು ತುದಿಗೆ ಇನ್ನೊಂದು ಗುಂಪು. ಹೀಗೇ ಸಾಲಾಗಿ ಔಷಧಿಗಳು. ಅರ್ಥವಾಗದಿದ್ದರೆ ಬಾಯಿಪಾಠವೇ ಗತಿ. ತಮಾಷೆ ಏನೆಂದರೆ, ಕೌಂಟರ್‌ನಲ್ಲಿ ನಿಂತ ಮೇಲೆ ಆ ಉಂಗುರವನ್ನು ಯಾರೂ ಕೇಳಲಿಲ್ಲ. ಡಾಕ್ಟರ ಕೈಬರಹ ಬಿಡಿಸುವುದು, ಎಕ್ಸ್‌ಪೈರಿ ನೋಡುವುದು, ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡುವುದು, "ಅಜ್ಜಿ, ಇದು ಊಟಕ್ಕೆ ಮುಂಚೆ, ಇದು ಆಮೇಲೆ" ಅಂತ ಎರಡೆರಡು ಸಲ ಹೇಳುವುದು, ಕೆಲಸ ಅಂದರೆ ಇದೇ. ಓದು ಕಷ್ಟ, ಕೆಲಸ ಸಲೀಸು. ಸಂಜೆ ಹೊತ್ತು ಕಾಲು ನೋಯುತ್ತದೆ, ಅದು ಬೇರೆ ಮಾತು.

ಲ್ಯಾಬ್ ಇದಕ್ಕೆ ಉಲ್ಟಾ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಲೈಡ್ ಹೆಲ್ತ್ ಕೋರ್ಸ್‌ಗಳಲ್ಲಿ ನಮಗೆ ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಪಾಠ: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಹಾಗಾಗಿ ಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಾಲಜಿ ಓದುವವರ ಜೊತೆಗೇ ನಾನೂ ಟ್ಯೂಬು ಹಿಡಿದೆ. ಶುಗರ್ ಟೆಸ್ಟನ್ನೇ ನೋಡಿ. ಬ್ಲ್ಯಾಂಕ್, ಸ್ಟ್ಯಾಂಡರ್ಡ್, ಟೆಸ್ಟ್ ಅಂತ ಮೂರು ಟ್ಯೂಬು. ಮೂರಕ್ಕೂ 1 ಎಂ.ಎಲ್. ರಿಯೇಜೆಂಟ್. ಸ್ಟ್ಯಾಂಡರ್ಡ್‌ಗೆ 10 ಮೈಕ್ರೋಲೀಟರ್ ಗ್ಲೂಕೋಸ್ ದ್ರಾವಣ, ಟೆಸ್ಟ್‌ಗೆ ಅಷ್ಟೇ ಸೀರಮ್. 37 ಡಿಗ್ರಿಯಲ್ಲಿ 10 ನಿಮಿಷ ಇಟ್ಟರೆ ನಿಧಾನಕ್ಕೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಅಳೆಯುವ ಮಷೀನಿನಲ್ಲಿ ಸ್ಟ್ಯಾಂಡರ್ಡ್ ರೀಡಿಂಗ್ 0.20, ಟೆಸ್ಟ್ 0.28 ಬಂತು ಅನ್ನಿ. ಟೆಸ್ಟನ್ನು ಸ್ಟ್ಯಾಂಡರ್ಡ್‌ನಿಂದ ಭಾಗಿಸಿ, ಸ್ಟ್ಯಾಂಡರ್ಡ್‌ನ ಶುಗರ್ 100 ಆದ್ದರಿಂದ 100ರಿಂದ ಗುಣಿಸಿ: ಶುಗರ್ 140. ಪಿಯುಸಿಯಲ್ಲಿ ತಲೆಗೆ ಹತ್ತದ ಕಾನ್ಸಂಟ್ರೇಷನ್ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಆಗಲೇ ನನಗೆ ಹೊಳೆದದ್ದು: ಕೆಮಿಸ್ಟ್ರಿ ಬರಲ್ಲ ಅಂದರೆ ಸಾಲದು, ಅದರಲ್ಲಿ ಯಾವುದು ಬರಲ್ಲ ಅಂತ ನೋಡಬೇಕು. ನನ್ನನ್ನು ಕಾಡಿದ್ದು ಆರ್ಗಾನಿಕ್. ಮೋಲ್ ಲೆಕ್ಕ ಕೂತು ಮಾಡಿದರೆ ಬರುತ್ತಿತ್ತು. ಅಂಥವರು ಎಂಎಲ್‌ಟಿಗೆ ಅಂಜಬೇಕಿಲ್ಲ. ನಾರ್ಮಾಲಿಟಿ, ಡೈಲ್ಯೂಷನ್ ಎಂದರೇ ಜ್ವರ ಬರುವವರು ಮಾತ್ರ ಎರಡು ಸಲ ಯೋಚಿಸಲಿ. ನಮ್ಮ ಬಯೋಕೆಮಿಸ್ಟ್ರಿ ಮೊದಲ ವರ್ಷಕ್ಕೇ ಮುಗಿಯಿತು, ಅವರಿಗೆ ಮುಂದೆಯೂ ಬೆನ್ನು ಬಿಡಲಿಲ್ಲ. ದೊಡ್ಡ ಲ್ಯಾಬುಗಳಲ್ಲಿ ಎಲ್ಲ ಮಷೀನೇ ಮಾಡುತ್ತದೆ, ನಿಜ. ಆದರೆ ಬೆಳಿಗ್ಗೆ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿದಾಗ ರೀಡಿಂಗ್ ತಪ್ಪು ಬಂದರೆ, ಕೆಟ್ಟಿರುವುದು ರಿಯೇಜೆಂಟೋ ಕ್ಯಾಲಿಬ್ರೇಷನ್ನೋ ಅಂತ ಹುಡುಕಬೇಕಾದವರು ಮನುಷ್ಯರೇ ಅಲ್ವಾ?

ಇಮೇಜಿಂಗ್‌ನಲ್ಲಿ ಕೆಮಿಸ್ಟ್ರಿ ತೀರಾ ಕಡಿಮೆ. ಹಿಂದೆ ಡಾರ್ಕ್‌ರೂಮಿನಲ್ಲಿ ಡೆವಲಪರ್, ಫಿಕ್ಸರ್ ವಾಸನೆ ಕುಡಿಯಬೇಕಿತ್ತು, ಡಿಜಿಟಲ್ ಬಂದಲ್ಲಿ ಅದೂ ಹೋಯಿತು. ಇಲ್ಲಿ ಫಿಸಿಕ್ಸೇ ರಾಜ. ಕೆವಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್) ಏರಿಸಿದರೆ ಕಿರಣಕ್ಕೆ ತೂರುವ ಶಕ್ತಿ ಜಾಸ್ತಿ, ಎಂಎಎಸ್ (ಟ್ಯೂಬಿನ ಕರೆಂಟ್ ಗುಣಿಸು ಸಮಯ) ಏರಿಸಿದರೆ ಕಿರಣದ ಪ್ರಮಾಣ ಜಾಸ್ತಿ. ದಪ್ಪ ಮೈಯವರಿಗೆ ಎಷ್ಟು, ಮಗುವಿಗೆ ಎಷ್ಟು ಅನ್ನುವುದು ಕೈಗೆ ಹತ್ತಬೇಕು. ಸ್ಕ್ಯಾನ್ ಸ್ಪಷ್ಟವಾಗಿ ಕಾಣಲೆಂದು ಅಯೋಡಿನ್ ಇರುವ ಕಾಂಟ್ರಾಸ್ಟ್ ಕೊಡುವ ಮುಂಚೆ ಅಲರ್ಜಿ ಕೇಳುತ್ತೇವೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ರಿಪೋರ್ಟ್ ನೋಡುತ್ತೇವೆ. ನನ್ನ ದಿನದ ಕೆಮಿಸ್ಟ್ರಿ ಅಷ್ಟೇ. ಅದರ ಬದಲು ಎದೆ ಮೇಲೆ ಮೈಗೆ ತಗುಲಿದ ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್, ಭಾರದ ಲೆಡ್ ಏಪ್ರನ್, ಅಪಘಾತದ ಕೇಸು ಬಂದರೆ ನಿದ್ದೆಯಿಲ್ಲದ ನೈಟ್ ಡ್ಯೂಟಿ. ಫಿಸಿಕ್ಸೂ ಕಷ್ಟ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ.

ನರ್ಸಿಂಗ್ ನಾನು ಓದಿದ್ದಲ್ಲ, ಅಕ್ಕ ಓದಿದ್ದು. ಬಿ.ಎಸ್ಸಿ. ನರ್ಸಿಂಗ್‌ಗೆ ಪಿಯುಸಿಯಲ್ಲಿ ಕೆಮಿಸ್ಟ್ರಿ ಬೇಕೇ ಬೇಕು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಆರ್ಟ್ಸ್ ಓದಿದವರೂ ಸೇರಬಹುದು. ಅಕ್ಕ ಸೇರಿದ್ದು ಹಾಗೆಯೇ. ಆದರೆ ವಾರ್ಡಿನಲ್ಲಿ ಲೆಕ್ಕ ಅವಳನ್ನೂ ಬಿಡಲಿಲ್ಲ. 500 ಎಂ.ಎಲ್. ಡ್ರಿಪ್ 8 ಗಂಟೆಯಲ್ಲಿ ಮುಗಿಯಬೇಕು, ಸೆಟ್‌ನಲ್ಲಿ ಎಂ.ಎಲ್.ಗೆ 20 ಹನಿ. ನಿಮಿಷಕ್ಕೆ ಸುಮಾರು 21 ಹನಿ ಅಂತ ಅವಳು ಬಾಯಲ್ಲೇ ಹೇಳುತ್ತಾಳೆ. ಪೊಟ್ಯಾಸಿಯಮ್ ಕ್ಲೋರೈಡನ್ನು ನೇರವಾಗಿ ನರಕ್ಕೆ ತಳ್ಳಿದರೆ ಹೃದಯ ನಿಂತೇ ಹೋಗಬಹುದು, ಡೈಲ್ಯೂಟ್ ಮಾಡಿ ನಿಧಾನಕ್ಕೇ ಕೊಡಬೇಕು ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಪಿಯುಸಿಯಲ್ಲಿ ಕೆಮಿಸ್ಟ್ರಿ ಪುಸ್ತಕ ಮುಟ್ಟಿದವಳೇ ಅಲ್ಲ.