ಹೆಣ್ಣುಮರಿಗಳ ಬೆಳವಣಿಗೆ ದಾಣಿ: ಐದು ತಿಂಗಳು ಹಾಕಿ ನೋಡಿದ ಮೇಲೆ

ಹಾಲು ಬಿಟ್ಟ ಹೆಣ್ಣು ಕುರಿಮರಿಗಳಿಗೆಂದೇ ಮಾಡಿರುವ ಗುಳಿಗೆ ದಾಣಿ ಇದು. ನನ್ನ 12 ಮರಿಗಳಿಗೆ ಮೂರನೇ ತಿಂಗಳಿಂದ ಎಂಟನೇ ತಿಂಗಳವರೆಗೆ ಹಾಕಿದೆ. ದಾಣಿ ಒಳ್ಳೆಯದು. ಆದರೆ ಚೀಲದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ "5 ತಿಂಗಳಿಗೇ ಬೆದೆ, ಕೂಡಲೇ ಗಬ್ಬ" ಎಂಬ ಮಾತನ್ನು ನಂಬಿ ಯಾರೂ ಟಗರು ಬಿಡಬೇಡಿ.

ಮೂರು ವರ್ಷದ ಹಿಂದೆ ನಾನು ಹಾಗೇ ಮಾಡಿದ್ದೆ. ಏಳು ತಿಂಗಳ ಮರಿ, 20 ಕೆ.ಜಿ. ಇತ್ತು. ಬೆದೆಗೆ ಬಂದ ಮೇಲೆ ಇನ್ನೇನು ಕಾಯುವುದು ಎಂದುಕೊಂಡೆ. ಐದು ತಿಂಗಳು ಕಳೆದು ಈಯುವಾಗ ಮರಿ ಹೊರಬರಲಾರದೆ ಸಿಕ್ಕಿಕೊಂಡಿತು. ತಾಯಿಯೂ ಉಳಿಯಲಿಲ್ಲ, ಮರಿಯೂ ಉಳಿಯಲಿಲ್ಲ. ನನ್ನ ಹಿಂಡಿನ ಬೆಳೆದ ಕುರಿ 40 ಕೆ.ಜಿ. ತೂಗುತ್ತದೆ. ಅದರ ಅರ್ಧದಷ್ಟು ತೂಕಕ್ಕೇ ಮರಿ ಬೆದೆಗೆ ಬರಬಹುದು, ಆದರೆ ಹೊತ್ತು ಹೆರಲು ಮೂರರಲ್ಲಿ ಎರಡು ಪಾಲಾದರೂ ತುಂಬಿರಬೇಕು. ಅಂದರೆ ನನ್ನಲ್ಲಿ 26-27 ಕೆ.ಜಿ. ಆವತ್ತಿನಿಂದ ತಿಂಗಳು ಎಣಿಸುವುದು ಬಿಟ್ಟು, ಹದಿನೈದು ದಿನಕ್ಕೊಮ್ಮೆ ತೂಕ ಹಾಕುತ್ತೇನೆ.

ಈ ಸಲದ ಗುಂಪಿನಲ್ಲಿ ಅವಳಿ ಹೆಣ್ಣುಮರಿಗಳಿದ್ದವು. ಅಕ್ಕ ಗೋದಲಿಗೆ ನುಗ್ಗಿ ತಿನ್ನುತ್ತಿತ್ತು, ತಂಗಿ ತಳ್ಳಿಸಿಕೊಂಡು ಹಿಂದೆ ಸರಿಯುತ್ತಿತ್ತು. ಐದನೇ ತಿಂಗಳಿಗೆ ಅಕ್ಕ 21 ಕೆ.ಜಿ., ತಂಗಿ 16. ತಂಗಿಯನ್ನು ಬೇರೆ ಕಟ್ಟಿ, ಅದೇ ದಾಣಿಯನ್ನು ಅದರ ಪಾಲಿಗೆಂದೇ ಹಾಕತೊಡಗಿದೆ. ಆರೂವರೆ ತಿಂಗಳಿಗೆ ಅಕ್ಕ ಬೆದೆಗೆ ಬಂತು. ತಂಗಿ ಬಂದದ್ದು ಅದಾಗಿ ಏಳು ವಾರಕ್ಕೆ. ಒಂದೇ ತಾಯಿ, ಒಂದೇ ದಿನ ಹುಟ್ಟಿದವು, ಒಂದೇ ದೊಡ್ಡಿ. ಹೊಟ್ಟೆಗೆ ಬಿದ್ದದ್ದರಲ್ಲಿ ಮಾತ್ರ ವ್ಯತ್ಯಾಸ.

ಪಶುವೈದ್ಯರು ಇದನ್ನು ಬಿಡಿಸಿ ಹೇಳಿದರು. ಹೊಟ್ಟೆ ತುಂಬದ ಮರಿಯಲ್ಲೂ ಅಂಡಾಶಯ ಇರುತ್ತದೆ, ಅದರಲ್ಲಿ ಅಂಡಗಳೂ ಇರುತ್ತವೆ. ಬರಬೇಕಾದ್ದು ಮಿದುಳಿನ ಅಪ್ಪಣೆ. ಮೈಯಲ್ಲಿ ಕೊಬ್ಬು ಸೇರಿದಂತೆಲ್ಲ ಲೆಪ್ಟಿನ್ ಎಂಬ ಹಾರ್ಮೋನು ಹೆಚ್ಚಿ, ಕೂಡಿಟ್ಟದ್ದು ಸಾಕಷ್ಟಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಮೇವು ಕಡಿಮೆಯಾದರೆ ಅಂಡವನ್ನು ಹಣ್ಣಾಗಿಸಿ ಬಿಡಿಸುವ ಎಲ್‌ಎಚ್ ಹಾರ್ಮೋನು ಅಪರೂಪಕ್ಕೊಮ್ಮೆ ಮಿಡಿಯುತ್ತದೆ. ಚೆನ್ನಾಗಿ ತಿನ್ನಿಸಿದರೆ ಆ ಮಿಡಿತ ಮತ್ತೆ ಚುರುಕಾಗುತ್ತದೆ. ಹಗಲು ಕಿರಿದಾಗುವ ಕಾಲಕ್ಕೆ ಮಾತ್ರ ಬೆದೆಗೆ ಬರುವ ತಳಿಗಳಲ್ಲಿ ಪೆಟ್ಟು ಇನ್ನೂ ದೊಡ್ಡದು: ಆ ಹೊತ್ತಿಗೆ ತೂಕ ತುಂಬದಿದ್ದರೆ ಮುಂದಿನ ವರ್ಷಕ್ಕೇ ಸರಿಯುತ್ತದೆ.

ದಾಣಿಯ ವಿಷಯಕ್ಕೆ ಬರುತ್ತೇನೆ. ಪ್ರೋಟೀನ್ 16 ಶೇಕಡಾ ಎಂದು ಬರೆದಿದೆ, ಬೆಳೆಯುವ ಮರಿಗೆ ಅದು ಸರಿ. ಮೊದಲ ದಿನವೇ ಮರಿಗಳು ಬಾಯಿ ಹಾಕಿದವು, ಆದರೂ ಒಂದು ಹಿಡಿಯಿಂದ ಶುರುಮಾಡಿ ಎರಡು ವಾರದಲ್ಲಿ ಪೂರ್ತಿ ಅಳತೆಗೆ ತಂದೆ. ಒಮ್ಮೆಲೇ ಸುರಿದರೆ ಹೊಟ್ಟೆ ಹುಳಿಯಾಗಿ ಮರಿಗಳೇ ಸಾಯುತ್ತವೆ, ಚೀಲದ ಮೇಲೆ ಈ ಎಚ್ಚರಿಕೆ ಇಲ್ಲ. ದಿನಕ್ಕೆ ಮರಿಗೆ 500 ಗ್ರಾಂ ಹಾಕಿ ಎಂದಿದ್ದಾರೆ. ನಾನು 300 ದಾಟಲಿಲ್ಲ, ಜೊತೆಗೆ ಹಸಿಮೇವು, ಒಣಮೇವು. ಮರಿಗಳು ದಿನಕ್ಕೆ ಸುಮಾರು 120 ಗ್ರಾಂ ಏರಿದವು, ನನಗೆ ಅಷ್ಟು ಸಾಕು. ಈ ವಯಸ್ಸಿನಲ್ಲಿ ಅತಿಯಾಗಿ ಕೊಬ್ಬಿಸಿದರೆ ಕೆಚ್ಚಲಲ್ಲಿ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗವನ್ನು ಕೊಬ್ಬು ಹಿಡಿಯುತ್ತದೆ, ಮುಂದೆ ಅದರ ಮರಿಗೆ ಹಾಲು ಸಾಲದು.

ದೊಡ್ಡ ದೂರು ತಾಮ್ರದ್ದು. ದನಕ್ಕೆ ಹಿತವಾಗುವಷ್ಟು ತಾಮ್ರ ಕುರಿಗೆ ವಿಷ, ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡುತ್ತಾ ಹೋಗುತ್ತದೆ. ದಾಣಿಯವರನ್ನು ಕೇಳಿದ್ದಕ್ಕೆ "ಬೇರೆಯಾಗಿ ಸೇರಿಸಿಲ್ಲ" ಎಂದರು. ಸೇರಿಸಿಲ್ಲವೆಂದರೆ ಚೀಲದ ಮೇಲೆ ಅಚ್ಚು ಹಾಕಬೇಕು, ಇದು ಬಾಯಿಮಾತಿನಲ್ಲಿ ಮುಗಿಸುವ ವಿಷಯವಲ್ಲ. ಚೀಲದ ತಳದಲ್ಲಿ ಪುಡಿಯೂ ಸ್ವಲ್ಪ ಉಳಿಯುತ್ತದೆ, ನೀರು ಚಿಮುಕಿಸಿ ಕೊಟ್ಟರೆ ತಿನ್ನುತ್ತವೆ.

5ಕ್ಕೆ 4 ಕೊಡುತ್ತೇನೆ. ಮೊದಲ ಬೆದೆಗೆ ಯಾವ ಮರಿಗೂ ಟಗರು ಬಿಡಲಿಲ್ಲ. 17 ದಿನಕ್ಕೊಮ್ಮೆ ಬೆದೆ ಬರುತ್ತದೆ, ಮೂರನೆಯದರ ಹೊತ್ತಿಗೆ ಗಬ್ಬ ನಿಲ್ಲುವುದೂ ಮೊದಲಿಗಿಂತ ಹೆಚ್ಚು. ಹಾಗೆ ಕಾದು ಒಂಬತ್ತು ಮರಿಗಳಿಗೆ ಟಗರು ಬಿಟ್ಟಾಗಿದೆ, ಅಕ್ಕನೂ ಅದರಲ್ಲಿದೆ. ತಂಗಿ ಮೊನ್ನೆ 24 ಕೆ.ಜಿ. ತೂಗಿತು. ಅದಕ್ಕಾಗಿ ಇನ್ನೊಂದು ಚೀಲ ತರಿಸಿದ್ದೇನೆ.